ಛತ್ರವೋ ಮನೆಯೋ? ಲೂಕ 2:7ರ ನಮ್ಮ ಓದಿನಲ್ಲಿ ಕಾಣೆಯಾದ ಸೂಲಗಿತ್ತಿ

ಕ್ರಿಸ್ತಜಯಂತಿಯ ಕಾಲದಲ್ಲಿ ನಮ್ಮ ಸಭೆಗಳು ಆಡುವ ನಾಟಕಗಳಲ್ಲಿ ಛತ್ರದ ಯಜಮಾನನಿಗೆ ಒಂದು ಖಾಯಂ ಪಾತ್ರವುಂಟು. ಅವನು ಬಾಗಿಲು ತೆರೆದು, ದಿನತುಂಬಿದ ಗರ್ಭಿಣಿಯನ್ನು ನೋಡಿ, ಸ್ಥಳವಿಲ್ಲವೆಂದು ಬಾಗಿಲು ಹಾಕಿಕೊಳ್ಳುತ್ತಾನೆ. ಪ್ರಸಂಗಪೀಠದಿಂದಲೂ ಅವನನ್ನು ವರ್ಷವರ್ಷವೂ ಖಂಡಿಸುತ್ತಾ ಬಂದಿದ್ದೇವೆ. ಆದರೆ ಲೂಕನ ಸುವಾರ್ತೆಯಲ್ಲಿ ಅಂಥ ಮನುಷ್ಯನೇ ಇಲ್ಲ. ಇಲ್ಲದವನೊಬ್ಬನನ್ನು ಕಥೆಗೆ ಸೇರಿಸಿಕೊಂಡದ್ದನ್ನು ಮನ್ನಿಸಬಹುದು. ಅವನನ್ನು ಸೇರಿಸುವ ಭರದಲ್ಲಿ ಅಲ್ಲಿ ಇದ್ದಿರಬೇಕಾದ ಸ್ತ್ರೀಯರನ್ನು ಹೊರಗೆ ಕಳುಹಿಸಿಬಿಟ್ಟೆವೇ ಎಂಬುದನ್ನು ಮಾತ್ರ ಗಂಭೀರವಾಗಿ ವಿಚಾರಿಸಬೇಕಾಗಿದೆ.

ನಮ್ಮ ಸತ್ಯವೇದದಲ್ಲಿ ಛತ್ರವೆಂದು ಬಂದಿರುವ ಗ್ರೀಕ್ ಪದ ‘ಕತಾಲುಮಾ’. ತಂಗುವ ಸ್ಥಳ, ಬಿಡಾರ ಎಂಬಷ್ಟೇ ಅದರ ಅರ್ಥ. ಇದೇ ಪದವನ್ನು ಲೂಕನು 22:11ರಲ್ಲಿ ಪಸ್ಕದ ಊಟಕ್ಕಾಗಿ ಸಿದ್ಧಪಡಿಸಬೇಕಾಗಿದ್ದ ಕೋಣೆಗೆ ಬಳಸುತ್ತಾನೆ. ಅಲ್ಲಿ ಯಾರೂ ಅದನ್ನು ಛತ್ರವೆಂದು ತಿಳಿಯುವುದಿಲ್ಲ. ಹಣ ಕೊಟ್ಟು ಇಳಿದುಕೊಳ್ಳುವ ನಿಜವಾದ ಛತ್ರವನ್ನು ಹೇಳಬೇಕಾದಾಗ, ಅಂದರೆ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ, ಅವನ ಬಳಿ ‘ಪಂದೊಖೆಯಿಯೊನ್’ ಎಂಬ ಬೇರೆಯೇ ಪದವಿದೆ. ಹೆರಿಗೆಯಾದದ್ದು ಊರಿಗೆ ಬಂದ ರಾತ್ರಿಯೇ ಎಂದೂ ಲೂಕನು ಹೇಳುವುದಿಲ್ಲ. ಅವರು ಅಲ್ಲಿ ಇದ್ದಾಗ ದಿನಗಳು ತುಂಬಿದವು ಎಂಬುದೇ 2:6ರ ತಾತ್ಪರ್ಯ.

ಬಹುಕಾಲ ಪಶ್ಚಿಮ ಏಷ್ಯಾದಲ್ಲಿ ಬೋಧಿಸಿದ ಕೆನೆತ್ ಬೇಯ್ಲಿಯವರ ವಾದ ಇಲ್ಲಿಂದಲೇ ಹೊರಡುತ್ತದೆ. ಪಿತೃಗಳ ಊರಿಗೆ ಬಂದ ದಾವೀದ ವಂಶದವನಿಗೆ ಯಾವುದಾದರೂ ಮನೆ ತೆರೆಯದೆ ಇರದು. ತುಂಬಿದ್ದದ್ದು ಅತಿಥಿಗಳ ಕೋಣೆ. ಮಗು ಹುಟ್ಟಿದ್ದು ಮನೆಯವರೆಲ್ಲ ವಾಸಿಸುವ ಅಂಕಣದಲ್ಲಿ. ಗೋದಲಿ ಇದ್ದದ್ದೂ ಅಲ್ಲಿಯೇ, ಏಕೆಂದರೆ ರಾತ್ರಿ ದನಗಳನ್ನು ಅದೇ ಸೂರಿನಡಿ ಕಟ್ಟುತ್ತಿದ್ದರು ಎಂಬುದು ಅವರ ನಿಲುವು. 2010ರಲ್ಲಿ ಸ್ಟೀವನ್ ಕಾರ್ಲ್‌ಸನ್ ಎಂಬ ವಿದ್ವಾಂಸರು ಈ ಪದವನ್ನು ಅತಿಥಿಕೋಣೆ ಎಂದು ಸೀಮಿತಗೊಳಿಸುವುದನ್ನು ಪ್ರಶ್ನಿಸಿದರಾದರೂ ಛತ್ರದ ಕಡೆಗೆ ಮರಳಲಿಲ್ಲ. ಪಾಶ್ಚಾತ್ಯ ಓದುಗನಿಗೆ ಇದನ್ನೆಲ್ಲ ಚಿತ್ರ ಬರೆದು ವಿವರಿಸಬೇಕಾಗುತ್ತದೆ. ನಮ್ಮವರಿಗೆ ಆ ಕಷ್ಟವಿಲ್ಲ. ಬಯಲುಸೀಮೆಯ ಹಳೆಯ ಮನೆಗಳಲ್ಲಿ ತಲಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದಕ್ಕಿಂತ ಕೊಂಚ ಎತ್ತರದಲ್ಲಿ ಮನುಷ್ಯರ ಪಡಸಾಲೆ ಇದ್ದುದನ್ನು ಕಂಡವರು ಇಂದಿಗೂ ಇದ್ದಾರೆ. ಹಸುವಿನ ಉಸಿರು ಕೇಳುವಷ್ಟು ಹತ್ತಿರದಲ್ಲಿ ಕೂಸು ಮಲಗುವುದು ಅವರಿಗೆ ತಿರಸ್ಕಾರದ ಗುರುತಾಗಿ ಕಾಣುವುದೇ ಇಲ್ಲ. ಗೋದಲಿಯೆಂಬ ಪದ ಇಷ್ಟು ಹತ್ತಿರದ್ದಾಗಿದ್ದರೂ ಅದರ ಪಕ್ಕದ ಛತ್ರವೆಂಬ ಪದ ನಮ್ಮ ಕಲ್ಪನೆಯನ್ನು ಮನೆಯಿಂದ ಎಬ್ಬಿಸಿ ಬೀದಿಗೆ ಕರೆತಂದಿತು. (ನಿರಾಶ್ರಿತರ ಕುರಿತು ಪ್ರಸಂಗ ಮಾಡಲು ಛತ್ರದವನು ಬೇಕೆನ್ನುವವರಿಗೆ ಮತ್ತಾಯನ ಎರಡನೆಯ ಅಧ್ಯಾಯದ ಐಗುಪ್ತ ಪಲಾಯನ ಸಾಕಷ್ಟಾಯಿತು.)

ಮನೆಯೆಂದು ಒಪ್ಪಿದ ಮೇಲೆ, ಆ ಮನೆಯಲ್ಲಿ ಯಾರಿದ್ದರು? ಲೂಕನು ಹೆಸರಿಸುವುದಿಲ್ಲ. ಆದರೆ ಹಿಂದಿನ ಅಧ್ಯಾಯದಲ್ಲಿಯೇ ಎಲಿಸಬೇತಳು ಹೆತ್ತಾಗ ನೆರೆಹೊರೆಯವರೂ ಬಂಧುಗಳೂ ಆಕೆಯೊಡನೆ ಸಂತೋಷಪಟ್ಟರೆಂದು ಬರೆದವನು ಅವನೇ. ಇದೇ ಬೇತ್ಲೆಹೇಮಿನಲ್ಲಿ ರೂತಳು ಗಂಡುಮಗುವನ್ನು ಹೆತ್ತಾಗ ನೊವೊಮಿಯು ಅದನ್ನು ಎದೆಗವಚಿಕೊಂಡಳು. ಓಬೇದನೆಂದು ಹೆಸರಿಟ್ಟವರು ನೆರೆಯ ಹೆಂಗಸರು. ದಾವೀದನ ಅಜ್ಜನಿಗೆ ಹೆಸರಿಟ್ಟದ್ದು ಬೀದಿಯ ಸ್ತ್ರೀಯರಾಗಿದ್ದರೆ, ದಾವೀದನ ಕುಮಾರನ ಜನನದ ಹೊತ್ತಿಗೆ ಆ ಊರಿನಲ್ಲಿ ಹೆಂಗಸರೇ ಇರಲಿಲ್ಲವೆಂದು ಊಹಿಸುವುದು ಲೂಕನ ಮೌನಕ್ಕೆ ಅತಿಯಾದ ಭಾರ ಹೊರಿಸಿದಂತೆ.

ಆ ಭಾರವನ್ನು ಸ್ಪಷ್ಟವಾಗಿ ಹೊರಿಸಿದವನು ಜೆರೋಮ್. ಸುಮಾರು 383ರಲ್ಲಿ ಹೆಲ್ವಿಡಿಯಸನ ವಿರುದ್ಧ ಬರೆದ ಗ್ರಂಥದಲ್ಲಿ ಅವನು, ಅಲ್ಲಿ ಸೂಲಗಿತ್ತಿಯೂ ಇರಲಿಲ್ಲ, ಬೇರೆ ಸ್ತ್ರೀಯರ ಕೈಯೂ ತಗಲಲಿಲ್ಲ, ಮರಿಯಳೇ ತಾಯಿಯೂ ಸೂಲಗಿತ್ತಿಯೂ ಆಗಿದ್ದಳೆಂದು ವಾದಿಸುತ್ತಾನೆ. ಅವನ ಆಧಾರ ಮಗುವನ್ನು ಬಟ್ಟೆಯಲ್ಲಿ ಸುತ್ತಿದವಳು ಆಕೆಯೇ ಎಂಬ ಲೂಕನ ಮಾತು. ಅಪೊಕ್ರಿಫ ಕಥೆಗಳ ಮೇಲೆ ಅವನಿಗಿದ್ದ ಸಂಶಯ ನ್ಯಾಯವಾದದ್ದೇ. ಯಾಕೋಬನ ಹೆಸರಿನಲ್ಲಿರುವ ಎರಡನೆಯ ಶತಮಾನದ ಬಾಲ್ಯಸುವಾರ್ತೆಯಲ್ಲಿ ಯೋಸೇಫನು ಗವಿಯಿಂದ ಹೊರಟು ಇಬ್ರಿಯ ಸೂಲಗಿತ್ತಿಯನ್ನು ಹುಡುಕುತ್ತಾನೆ. ಪರೀಕ್ಷಿಸಲು ಚಾಚಿದ ಸಲೋಮೆಯ ಕೈ ಬೆಂದು, ಮಗುವನ್ನು ಎತ್ತಿಕೊಂಡಾಗ ವಾಸಿಯಾಗುತ್ತದೆ. ಇದು ಚರಿತ್ರೆಯಲ್ಲ. ಆದರೂ ಜೆರೋಮನ ತರ್ಕ ದುರ್ಬಲವೇ. ಬಾಣಂತಿಯು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು ಎಂದು ಕೇಳಿದವರಾರೂ ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೆಂದು ತಿಳಿಯುವುದಿಲ್ಲ.

ಪೂರ್ವದ ಸಭೆಯ ಚಿತ್ರಕಾರರು ಸೂಲಗಿತ್ತಿಯನ್ನು ಬಿಟ್ಟುಕೊಡಲಿಲ್ಲ. ಜನನದ ಐಕಾನುಗಳ ಕೆಳಮೂಲೆಯಲ್ಲಿ ಇಬ್ಬರು ಹೆಂಗಸರು ಶಿಶುವಿಗೆ ನೀರೆರೆಯುತ್ತಿರುವುದನ್ನು ಇಂದಿಗೂ ಕಾಣಬಹುದು. ಕಾನೂನು ಬರೆದವರ ಮನಸ್ಸು ಬೇರೆಯಾಗಿತ್ತು. 692ರ ತ್ರುಲ್ಲೊ ಸಮ್ಮೇಳನದ 79ನೆಯ ವಿಧಿಯನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಕ್ರಿಸ್ತಜಯಂತಿಯ ಬಳಿಕ ಮರಿಯಳ ಬಾಣಂತನದ ಗೌರವಾರ್ಥವಾಗಿ ಗೋಧಿಹಿಟ್ಟಿನ ಭಕ್ಷ್ಯವನ್ನು ಬೇಯಿಸಿ ಒಬ್ಬರಿಗೊಬ್ಬರು ಹಂಚುವ ಪದ್ಧತಿ ಜನರಲ್ಲಿತ್ತು. ಕನ್ನಿಕೆಯ ಪ್ರಸವಕ್ಕೆ ಸಾಮಾನ್ಯ ಹೆರಿಗೆಯ ನಿಯಮಗಳು ಸಲ್ಲವೆಂದು ಅದನ್ನು ನಿಷೇಧಿಸಿ, ಮುಂದುವರಿಸಿದ ಯಾಜಕನಿಗೆ ಪದಚ್ಯುತಿಯನ್ನೂ ವಿಶ್ವಾಸಿಗೆ ಬಹಿಷ್ಕಾರವನ್ನೂ ವಿಧಿಸಲಾಯಿತು. ಬಾಣಂತಿಗೆ ಅಂಟಿನುಂಡೆ ಕಟ್ಟಿಕೊಡುವ, ಮೆಣಸಿನ ಸಾರು ಕುದಿಸುವ ನಾಡಿನಲ್ಲಿರುವ ನಮಗೆ ಆ ಅಡಿಗೆಮನೆಯ ಹೆಂಗಸರ ಭಕ್ತಿಯೇ ಹೆಚ್ಚು ಅರ್ಥವಾಗುತ್ತದೆ. ದೇವರ ತಾಯಿಗೆ ಹಸಿವಾಗಿರಬೇಕೆಂದು ಅವರು ನೆನೆದರು. ವಾಕ್ಯವು ನರಾವತಾರ ಎತ್ತಿತೆಂಬುದರ ಅರ್ಥವನ್ನು, ಮಾರ್ಸಿಯೋನನ ವಿರುದ್ಧ ಗರ್ಭವನ್ನೂ ರಕ್ತವನ್ನೂ ನಾಚಿಕೆಯಿಲ್ಲದೆ ಹೆಸರಿಸಿದ ತೆರ್ತುಲಿಯನನಂತೆ, ಅವರೂ ತಮ್ಮ ರೀತಿಯಲ್ಲಿ ಗ್ರಹಿಸಿದ್ದರು.

ಕನ್ನಡ ಸಭೆಗೆ ಈ ಪ್ರಶ್ನೆ ಪುರಾತನ ಚರಿತ್ರೆಯಾಗಿ ಉಳಿಯದು. ಹೊಕ್ಕುಳಬಳ್ಳಿ ಕೊಯ್ಯುವ, ಮಾಸು ಹೂಳುವ, ರಕ್ತದ ಬಟ್ಟೆ ಒಗೆಯುವ ಕೆಲಸವನ್ನು ನಮ್ಮ ಸಮಾಜ ಬಹುಕಾಲ ಕೀಳೆನಿಸಿದ ಜಾತಿಗಳ ಸ್ತ್ರೀಯರಿಗೆ ಬಿಟ್ಟುಕೊಟ್ಟಿತು. ಮಗುವನ್ನು ಮೊದಲು ಮುಟ್ಟಿದ ಕೈಯನ್ನೇ ಮುಂದೆ ಮೈಲಿಗೆಯೆಂದು ದೂರವಿಟ್ಟಿತು. ಗೋದಲಿಯ ಬಳಿಯಿಂದ ಸೂಲಗಿತ್ತಿಯನ್ನು ಶುದ್ಧತೆಯ ಹೆಸರಿನಲ್ಲಿ ಹೊರಡಿಸುವ ಯಾವುದೇ ಓದು ಇಲ್ಲಿ ಈ ಹಳೆಯ ಗೋಡೆಗೆ ಇನ್ನೊಂದು ಸಾಲು ಇಟ್ಟಿಗೆ ಏರಿಸುತ್ತದೆ. ಮಡಿಯ ವಿಷಯದಲ್ಲಿ ಕ್ರೈಸ್ತ ಆರಾಧನಾಕ್ರಮಗಳೂ ನಿರ್ದೋಷಿಯಲ್ಲ. 1549ರ ಆಂಗ್ಲಿಕನ್ ಪ್ರಾರ್ಥನಾಪುಸ್ತಕದಲ್ಲಿ ಸ್ತ್ರೀಯರ ಶುದ್ಧೀಕರಣವೆಂದಿದ್ದ ಕ್ರಮದ ಹೆಸರು 1552ರಲ್ಲಿ ಹೆರಿಗೆಯ ಬಳಿಕದ ಸ್ತೋತ್ರವೆಂದು ಬದಲಾಯಿತು. ಹೆಸರು ಬದಲಾದರೂ ಯಾಜಕಕಾಂಡ 12ರ ನಲವತ್ತು ದಿನ, ಎಂಬತ್ತು ದಿನಗಳ ನೆರಳು ಮನೆಗಳಿಂದ ಸರಿಯಲಿಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ರಾಷ್ಟ್ರವು ಪದ್ಮಶ್ರೀ ನೀಡಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಆ ತಾಯಿಯ ಕಾಯಕಕ್ಕೆ ನಮ್ಮ ದೇವಶಾಸ್ತ್ರದಲ್ಲಿ ಸ್ಥಳವೆಲ್ಲಿ ಎಂದು ಕೇಳಿದರೆ, ವಿಮೋಚನಕಾಂಡದ ಶಿಫ್ರಾ ಮತ್ತು ಪೂಗಾರನ್ನು ಬಿಟ್ಟು ತೋರಿಸಲು ನಮ್ಮ ಬಳಿ ಹೆಚ್ಚೇನೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಕ್ರಿಸ್ತನು ಮನೆಯಲ್ಲಿ ಹುಟ್ಟಿದನಾದ್ದರಿಂದ ಮನೆಹೆರಿಗೆಯೇ ವಿಶ್ವಾಸದ ಮಾರ್ಗ, ಆಸ್ಪತ್ರೆಗೆ ಹೋಗುವುದು ಪ್ರಾರ್ಥನೆಯಲ್ಲಿ ನಂಬಿಕೆಯಿಲ್ಲದವರ ಲಕ್ಷಣ ಎಂದು ಯಾರಾದರೂ ಬೋಧಿಸಿದರೆ, ಅದನ್ನು ಈ ಓದು ಸಮರ್ಥಿಸುವುದಿಲ್ಲ. ಬೇತ್ಲೆಹೇಮಿನ ದಾರಿಯಲ್ಲಿ ಇನ್ನೊಂದು ಹೆರಿಗೆಯೂ ಆಗಿತ್ತು. ಆದಿಕಾಂಡ 35ರಲ್ಲಿ ರಾಹೇಲಳ ಪಕ್ಕದಲ್ಲಿ ಸೂಲಗಿತ್ತಿ ಇದ್ದಳು, ಧೈರ್ಯವನ್ನೂ ಹೇಳಿದಳು. ಗಂಡುಮಗು ಬದುಕಿತು, ತಾಯಿ ಸತ್ತಳು. ಬೆನೋನಿ ಎಂಬ ದುಃಖದ ಹೆಸರನ್ನು ಯಾಕೋಬನು ಬೆನ್ಯಾಮೀನನೆಂದು ಬದಲಾಯಿಸಿದರೂ ದಾರಿಯ ಬದಿಯ ಸಮಾಧಿ ಉಳಿಯಿತು. ಆಕೆಯ ವಿಶ್ವಾಸ ಕಡಿಮೆಯಾಗಿತ್ತೆಂದು ಶಾಸ್ತ್ರ ಎಲ್ಲಿಯೂ ಹೇಳುವುದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಅದನ್ನು ನಿಲ್ಲಿಸುವ ಔಷಧ, ತುಂಬಿಕೊಡುವ ರಕ್ತ ಇಂದು ನಮಗಿರುವಾಗ ಅವನ್ನು ನಿರಾಕರಿಸುವಂತೆ ಪ್ರೇರೇಪಿಸುವ ಬೋಧಕನು ದೇವರನ್ನು ಪರೀಕ್ಷಿಸುತ್ತಾನೆ, ಅದೂ ಇನ್ನೊಬ್ಬಳ ದೇಹವನ್ನು ಪಣವಿಟ್ಟು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಎರಡು ಮೂರು ದಿನಗಳಲ್ಲಿ ತಾಯಿ ಮಗು ಮರಳುವುದು ಮನೆಗೇ. ಬಾಣಂತಿಯ ಜ್ವರ, ಹಾಲು ಬಾರದ ಆತಂಕ, ಹೆಣ್ಣು ಹುಟ್ಟಿತೆಂಬ ಅತ್ತೆಯ ಮೌನ, ಕಾರಣವಿಲ್ಲದೆ ಬರುವ ಅಳು, ಎಲ್ಲವೂ ಅಲ್ಲಿಯೇ. ಸಭಾಪಾಲಕರು ಆ ಮನೆಯ ಹೊಸ್ತಿಲು ತುಳಿಯುವುದು ಸಾಮಾನ್ಯವಾಗಿ ದೀಕ್ಷಾಸ್ನಾನದ ದಿನ ಗೊತ್ತುಮಾಡಲು. ಹನ್ನೊಂದನೆಯ ದಿನವೋ ಅದಕ್ಕೂ ಮೊದಲೋ, ನಲವತ್ತರ ಲೆಕ್ಕವಿಲ್ಲದೆ, ಬಾಣಂತಿಯ ಕೋಣೆಯಲ್ಲಿಯೇ ಸಭೆಯ ಸ್ತ್ರೀಯರು ನಡೆಸಬಹುದಾದ ಒಂದು ಚಿಕ್ಕ ಸ್ತೋತ್ರಕ್ರಮವನ್ನು ರಚಿಸುವುದು ನಮ್ಮ ವಿದ್ಯಾಲಯಗಳಿಗೆ ಅಸಾಧ್ಯವಲ್ಲ. ಅದರಲ್ಲಿ ರೂತಳ ನೆರೆಯವರ ಭಾಗವನ್ನು ಓದಲಿ. ಹೆರಿಗೆ ಮಾಡಿಸಿದ ದಾದಿಗಾಗಿ ಹೆಸರು ಹಿಡಿದು ಪ್ರಾರ್ಥಿಸಲಿ. ಮಗು ಉಳಿಯದೆ ಹೋದ ಮನೆಗೆಂದು ರಾಹೇಲಳನ್ನು ಮರೆಯದ ಬೇರೊಂದು ಪ್ರಾರ್ಥನೆಯೂ ಇರಲಿ. ಮಗುವಿಗೆ ಏನೆಂದು ಹೆಸರಿಡಬೇಕೆಂಬ ಮಾತು ಬಂದಾಗ ಪಾದ್ರಿಯವರು ಸುಮ್ಮನಿದ್ದು ಕೇಳಿಸಿಕೊಳ್ಳಬಹುದು.