ಭಂಗಿಯೂ ಸರ್ವಾಂಗವೇದನೆಯೂ: ನಾಲ್ಕು ಅಧ್ಯಯನಗಳ ವಿಮರ್ಶೆ

ಫೈಬ್ರೊಮಯಾಲ್ಜಿಯ ಎಂಬ ವ್ಯಾಧಿಯಲ್ಲಿ ಮೈಯೆಲ್ಲ ನೋವು, ನಿದ್ರಾಭಂಗ, ಬಳಲಿಕೆಗಳು ಒಟ್ಟುಗೂಡಿರುತ್ತವೆ. ರಕ್ತಪರೀಕ್ಷೆಯಾಗಲಿ ಕ್ಷಕಿರಣ ಚಿತ್ರವಾಗಲಿ ಇದನ್ನು ತೋರಿಸಿಕೊಡಲಾರದು. ನೋವಿಗೆ ರೋಗಿಯ ಮಾತೇ ಪ್ರಮಾಣ. ಆದಕಾರಣ ಈ ರೋಗಿಗಳು ಬಹುಕಾಲ ಅಪನಂಬಿಕೆಗೆ ಗುರಿಯಾದರು. ಇವರಲ್ಲಿ ಹಲವರು ಈಗ ಭಂಗಿಯಿಂದ ತಮಗೆ ಗುಣ ಕಂಡಿತೆನ್ನುತ್ತಾರೆ. ಈ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬುದೇ ಇಲ್ಲಿ ನಮ್ಮ ವಿಚಾರದ ವಿಷಯ.

ಕೆನಡ ದೇಶದಲ್ಲಿ ಸ್ಕ್ರಾಬೆಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ, 40 ರೋಗಿಗಳ, ನಾಲ್ಕು ವಾರಗಳ ಪ್ರಯೋಗದಲ್ಲಿ ನೋವು ಇಳಿಯಿತು. ಅಲ್ಲಿಯೇ ವೇರ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ, 29 ಜನ ಪೂರೈಸಿದ ಪ್ರಯೋಗದಲ್ಲಿ ನಿದ್ರೆ ಸುಧಾರಿಸಿತು, ನೋವು ಇಳಿಯಲಿಲ್ಲ. ಎರಡರಲ್ಲಿಯೂ ಕೊಟ್ಟದ್ದು ಗಿಡವನ್ನಲ್ಲ, ನ್ಯಾಬಿಲೋನ್ ಎಂಬ ಕೃತಕ ದ್ರವ್ಯವನ್ನು. ಇವನ್ನೇ ಗಿಡದ ಗುಣಕ್ಕೆ ಸಾಕ್ಷಿಯಾಗಿ ಎತ್ತಿಹೇಳುವುದು ತರ್ಕಸಮ್ಮತವಲ್ಲ.

ಇಸ್ರೇಲಿನಿಂದ 2019ರಲ್ಲಿ ಬಂದ ಅಧ್ಯಯನ ಗಿಡವನ್ನು ಕುರಿತದ್ದೇ. ರೋಗಿಗಳು 367, ಆರು ತಿಂಗಳಲ್ಲಿ ನೋವಿನ ಮಧ್ಯಾಂಕ ಹತ್ತರಲ್ಲಿ 9ರಿಂದ 5ಕ್ಕೆ ಇಳಿಯಿತು, ನೂರಕ್ಕೆ 81.1 ಮಂದಿಗೆ ಗುಣವೆಂದು ವರದಿ. ಆದರೆ ಗುಣ ಕಂಡವರು 194 ಜನ. ಉತ್ತರ ಕೊಟ್ಟವರನ್ನು ಮಾತ್ರ ಎಣಿಸಿದರೆ 81.1; ಆರಂಭಿಸಿದವರೆಲ್ಲರನ್ನೂ ಎಣಿಸಿದರೆ ಸುಮಾರು 53. ಮೇಲಾಗಿ, ಹೋಲಿಕೆಗೆ ಹುಸಿಮದ್ದು ಪಡೆದ ಗುಂಪೇ ಅಲ್ಲಿಲ್ಲ.

ಆ ಹೋಲಿಕೆಯ ಬೆಲೆಯೇನೆಂಬುದನ್ನು ಅದೇ ವರ್ಷದ ಲೈಡನ್ ಪ್ರಯೋಗ ತಿಳಿಸುತ್ತದೆ. 20 ರೋಗಿಗಳು ಭಂಗಿಯ ಮೂರು ತಳಿಗಳ ಆವಿಯನ್ನೂ ಹುಸಿಮದ್ದನ್ನೂ ಬೇರೆ ಬೇರೆ ದಿನ ಒಂದೊಂದು ಸಲ ಸೇವಿಸಿದರು. ಸಹಜವೇದನೆಯ ಅಂಕದಲ್ಲಿ ಯಾವ ತಳಿಯೂ ಹುಸಿಮದ್ದನ್ನು ಮೀರಲಿಲ್ಲ. ಒಂದು ತಳಿಯಿಂದ ನೂರಕ್ಕೆ 90 ಮಂದಿಯಲ್ಲಿ ನೋವು ಶೇಕಡ 30ರಷ್ಟು ತಗ್ಗಿತೆಂಬುದು ನಿಜ. ಹುಸಿಮದ್ದಿನಿಂದಲೂ 55 ಮಂದಿಯಲ್ಲಿ ಹಾಗೆಯೇ ತಗ್ಗಿತು. ನೋವಿನ ಅಂಕಗಳು ಮತ್ತಿನ ಪ್ರಮಾಣಕ್ಕೆ ಹೊಂದಿಕೊಂಡಿದ್ದುವು ಎಂಬುದು ಗಮನಾರ್ಹ. ಆದರೆ ಒಂದು ದಿನದ ಸೇವನೆ ತಿಂಗಳುಗಟ್ಟಲೆಯ ಚಿಕಿತ್ಸೆಗೆ ಅಳತೆಗೋಲಾಗಲಾರದು.

ಹಾಗಾದರೆ ರೋಗಿಯ ಮಾತು ಸುಳ್ಳೆ? ಅಲ್ಲ. ನೋವು ತಗ್ಗಿತೆಂಬ ಅನುಭವಕ್ಕೆ ಅವನೇ ಸಾಕ್ಷಿ. ತಗ್ಗಿಸಿದ್ದು ಯಾವುದೆಂಬುದಕ್ಕೆ ಮಾತ್ರ ಅವನ ಸಾಕ್ಷ್ಯ ಸಾಲದು. ನಿದ್ರೆಯೋ, ಮತ್ತೋ, ನಿರೀಕ್ಷೆಯೋ, ಔಷಧದ ಗುಣವೋ ಎಂಬುದನ್ನು ಬಿಡಿಸಿ ತೋರಿಸುವುದು ಸಂಶೋಧಕನ ಹೊಣೆ. ಹೋಲಿಕೆಯ ಗುಂಪುಳ್ಳ ದೀರ್ಘಪ್ರಯೋಗಗಳಿಂದ ಈ ಹೊಣೆ ತೀರುವವರೆಗೆ, ವೈದ್ಯನು ಗುಣವಾಗುವುದೆಂದು ಭರವಸೆ ಕೊಡುವುದೂ ತಪ್ಪು, ರೋಗಿಯನ್ನು ಅಮಲುಕೋರನೆಂದು ಜರೆಯುವುದೂ ತಪ್ಪು ಎಂದು ನಮ್ಮ ಅಭಿಪ್ರಾಯ.