ಎರಡು ಕಟ್ಟೆಯ ತಗಡಿನ ಪೀಪಿ

ಟಿನ್ ವಿಸಿಲ್ ಕಲಿಯಬೇಕೆಂದು ಸಲಹೆ ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು: ಎರಡು ಕೊಳ್ಳಿ. ಒಂದೇ ಕಂಪನಿಯದು, ಒಂದೇ ಶ್ರುತಿಯದು, ಒಂದೇ ಬೆಲೆಯದು. ಎರಡನ್ನೂ ಒಂದರ ಹಿಂದೊಂದು ಊದಿ ನೋಡಿ. ಒಂದು ತಾರ ಸ್ಥಾಯಿಗೆ ತಾನಾಗಿಯೇ ಏರುತ್ತದೆ, ಇನ್ನೊಂದು ಅಲ್ಲಿ ಕಿರುಚುತ್ತದೆ. ಒಂದರ ಕೆಳಗಿನ ಸ್ವರ ತುಂಬಿ ಬಂದರೆ ಇನ್ನೊಂದರದು ಉಸಿರು ತುಸು ಹೆಚ್ಚಾದರೂ ಒಡೆಯುತ್ತದೆ. ಒಂದೇ ಅಚ್ಚಿನಿಂದ ಸಾಲಾಗಿ ಬಿದ್ದವಕ್ಕೂ ಬೇರೆ ಬೇರೆ ಗಂಟಲಿರುತ್ತದೆ ಎನ್ನುವುದು ಕಿವಿಗೆ ಗೊತ್ತಾದ ಮೇಲೆಯೇ ಈ ಹುಚ್ಚು ಹತ್ತುವುದು.

ಕಾರಣ ವಾದ್ಯದ ಬಾಯಿಯಲ್ಲಿದೆ. ಅಡ್ಡಕೊಳಲಿನಲ್ಲಿ ಉಸಿರನ್ನು ಸೀಳುವ ಕೆಲಸ ತುಟಿಯದು. ಎಷ್ಟು ಕೋನ, ಎಷ್ಟು ದೂರ, ಎಷ್ಟು ಬಿಗಿ ಎಂಬುದನ್ನೆಲ್ಲ ವಾದಕನೇ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಾನೆ. ವಿಸಿಲ್‌ನಲ್ಲಿ ಆ ತೀರ್ಮಾನವನ್ನು ಮಾಡಿದವನು ತಯಾರಕ. ಊದುವ ತುದಿಗೆ ಒಂದು ಬಿರಡೆ, ಬಿರಡೆಯ ಮೇಲೆ ಕಿರಿದಾದ ಗಾಳಿಗಾಲುವೆ, ಅದರ ಮುಂದೆ ಒಂದು ಕಿಟಕಿ, ಕಿಟಕಿಯ ಆಚೆ ಒಂದು ಅಲಗು. ಗಾಳಿ ಅಲಗಿಗೆ ಬಡಿದು ಒಳಗೂ ಹೊರಗೂ ತೊನೆಯುತ್ತದೆ. ಕೊಳವೆಯ ಉದ್ದ ಸ್ವರವನ್ನು ನಿರ್ಧರಿಸುತ್ತದೆ. ಹೀಗಾಗಿ ಹೊಸಬನಿಗೂ ಮೊದಲ ನಿಮಿಷದಲ್ಲೇ ನಾದ ಹುಟ್ಟುತ್ತದೆ. ಪಳಗಿದವನಿಗೆ ಮಾತ್ರ ಒಂದು ಕಟ್ಟು ಉಳಿಯುತ್ತದೆ: ಅಲಗು ಕೊಟ್ಟಷ್ಟೇ ನಾದ. ನಾದದ ಬಣ್ಣ ಬದಲಾಗಬೇಕಾದರೆ ಬಾನ್ಸುರಿಯವರು ತುಟಿ ಬದಲಿಸುತ್ತಾರೆ, ವಿಸಿಲ್‌ನವರು ವಿಸಿಲನ್ನೇ ಬದಲಿಸುತ್ತಾರೆ. ನಮ್ಮ ಮೇಜಿನ ಖಾನೆ ತುಂಬುವುದಕ್ಕೆ ಇಷ್ಟು ಸಮರ್ಥನೆ ಸಾಕು. ಮನೆಯವರು ಒಪ್ಪುವುದು ಬೇರೆ ವಿಷಯ.

ಬಿರಡೆ ಕೊಳಲು ನಮಗೂ ಹೊಸದಲ್ಲ. ಜಾತ್ರೆಯಲ್ಲಿ ಉದ್ದದ ಕೋಲಿಗೆ ಸಿಕ್ಕಿಸಿಕೊಂಡು ಮಾರುವ ಬಿದಿರಿನ ಪೀಪಿಗಳಲ್ಲಿ ಎಷ್ಟೋ ಇದೇ ಜಾತಿಯವು. ರಾಜಸ್ಥಾನ, ಪಂಜಾಬ್, ಸಿಂಧ್ ಕಡೆಯ ಅಲ್ಗೋಜಾ ಕೂಡ ಹೀಗೆಯೇ. ಎರಡು ಕೊಳವೆಗಳನ್ನು ಒಟ್ಟಿಗೆ ಬಾಯಿಗಿಟ್ಟು, ಉಸಿರು ಕಡಿಯದಂತೆ ಊದುತ್ತಾರೆ.

ತಗಡಿನ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಸಫೋಕ್ ಸೀಮೆಯ ಕೋನಿ ವೆಸ್ಟನ್ ಎಂಬ ಹಳ್ಳಿಯ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತವರ ಲೇಪಿಸಿದ ತಗಡನ್ನು ಸುತ್ತಿ, ತುದಿಗೆ ಮರದ ಬಿರಡೆ ಕೂರಿಸಿ ವಿಸಿಲ್ ಮಾಡಿದ. ಅವುಗಳನ್ನು ಮಾರುತ್ತ ಮ್ಯಾಂಚೆಸ್ಟರಿನವರೆಗೆ ನಡೆದೇ ಹೋದ ಎಂಬುದು ಕಂಪನಿ ಇಂದಿಗೂ ಹೇಳಿಕೊಳ್ಳುವ ಕಥೆ. ಬುಡದ ಕಡೆಗೆ ಸಣ್ಣಗಾಗುವ ಆ ಆಕಾರದ, ಮರದ ಬಿರಡೆಯ ಕ್ಲಾರ್ಕ್ ಈಗಲೂ ಸಿಗುತ್ತದೆ. ಅದರ ಸ್ವರದಲ್ಲಿ ಅರ್ಧ ನಾದ, ಅರ್ಧ ಉಸಿರು. ಹಲವರಿಗೆ ಆ ಉಸಿರು ಇಷ್ಟವಿಲ್ಲ, ಗಾಳಿ ಸೋರಿದಂತೆ ಕೇಳಿಸುತ್ತದೆ ಎನ್ನುತ್ತಾರೆ. ನನಗೆ ಅದೇ ಬೇಕು. ನಿಧಾನದ ಧಾಟಿಗಳಿಗೆ ಅದರಷ್ಟು ಹೊಂದುವುದು ನನ್ನ ಖಾನೆಯಲ್ಲಿ ಇನ್ನೊಂದಿಲ್ಲ. ಒಂದೇ ತಾಪತ್ರಯ: ತಲೆ ಬೇರೆ, ಮೈ ಬೇರೆ ಅಲ್ಲದ್ದರಿಂದ ಎಳೆದು ಶ್ರುತಿ ಮಾಡಲಾಗದು. ಚಳಿಯಲ್ಲಿ ಇಳಿದರೆ ಇಳಿದದ್ದೇ, ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು.

ಆಮೇಲೆ ಬಂದದ್ದು ಬರ್ಮಿಂಗ್‌ಹ್ಯಾಮಿನ ಜನರೇಶನ್: ಉದ್ದಕ್ಕೂ ಒಂದೇ ಅಳತೆಯ ಹಿತ್ತಾಳೆ ಅಥವಾ ನಿಕಲ್ ಲೇಪದ ಕೊಳವೆ, ಅದರ ಮೇಲೆ ಪ್ಲಾಸ್ಟಿಕ್ ತಲೆ. ಐರ್ಲೆಂಡಿನ ವಿಸಿಲ್ ಪರಂಪರೆ ಕಳೆದ ಶತಮಾನದಲ್ಲಿ ನಿಂತದ್ದು ಬಹುಪಾಲು ಇಂಥ ಅಗ್ಗದ ಕೊಳವೆಗಳ ಮೇಲೆ. ದೊಡ್ಡ ವಾದಕನ ಕೈಯಲ್ಲೂ ಶಾಲೆಯ ಹುಡುಗನ ಕೈಯಲ್ಲೂ ಒಂದೇ ಅಂಗಡಿಯ ಸಾಮಾನು. ಪಿಟೀಲಿಗಾಗಲೀ ವೀಣೆಗಾಗಲೀ ಈ ಮಾತು ಹೇಳಲಾಗದು. ಹಳೆಯ ಜನರೇಶನ್‌ಗಳಿಗೆ ಈಗ ಸಂಗ್ರಹಕಾರರ ನಡುವೆ ಪೈಪೋಟಿಯಿದೆ. ಇನ್ನು ಕೈಯಿಂದ ಕಡೆದ ಬೆಳ್ಳಿಯವು, ಗಟ್ಟಿಮರದವು ಇವೆ, ಬೆಲೆ ಹಲವು ಪಟ್ಟು. ಅವುಗಳ ಎಲ್ಲ ಸ್ವರಗಳೂ ಒಂದೇ ತೂಕ, ಒಂದೇ ಹೊಳಪು. ಕೆಲವನ್ನು ಊದಿ ಮೆಚ್ಚಿ ವಾಪಸ್ಸು ಕೊಟ್ಟಿದ್ದೇನೆ. ಅಷ್ಟು ಶಿಸ್ತಿನ ವಾದ್ಯದ ಜೊತೆ ಸಂಜೆ ಕಳೆಯುವುದು ಬೇಸರ.

ಯಾವ ಶ್ರುತಿ ಎಂದು ಕೇಳಿದರೆ ಕಣ್ಣು ಮುಚ್ಚಿ ಡಿ ಎನ್ನಿ, ಅಂದರೆ ನಮ್ಮ ಎರಡು ಕಟ್ಟೆ. ಉದ್ದ ಸುಮಾರು 30 ಸೆಂಟಿಮೀಟರ್, ತೂತು ಆರು, ವ್ಯಾಪ್ತಿ ಎರಡು ಸ್ಥಾಯಿ. ಬಾನ್ಸುರಿ ಕಲಿತ ಕೈ ಇಲ್ಲಿ ಮೊದಲು ತಬ್ಬಿಬ್ಬಾಗುತ್ತದೆ. ಅಲ್ಲಿ ಮೇಲಿನ ಮೂರು ತೂತು ಮುಚ್ಚಿದರೆ ಷಡ್ಜ, ಆರನ್ನೂ ಮುಚ್ಚಿದರೆ ಕೆಳಗಿನ ಪಂಚಮ. ಇಲ್ಲಿ ಆರೂ ಮುಚ್ಚಿದ್ದೇ ಷಡ್ಜ. ಒಂದೊಂದೇ ಬೆರಳು ಎತ್ತುತ್ತ ಹೋದರೆ ಶಂಕರಾಭರಣದ ಸ್ವರಗಳು ಸಾಲಾಗಿ ಬರುತ್ತವೆ. ಮೇಲಿನ ತೂತು ಬಿಟ್ಟು ಅದರ ಕೆಳಗಿನ ಎರಡನ್ನು ಮುಚ್ಚಿದರೆ ಕೈಶಿಕಿ ನಿಷಾದ. ಹರಿಕಾಂಭೋಜಿಯ ಸ್ವರಗಳು ಸಿಕ್ಕವು. ಎರಡನೆಯ ಸ್ವರವನ್ನೇ ಷಡ್ಜ ಮಾಡಿಕೊಂಡು ಮೂಲ ಬೆರಳಿನಲ್ಲೇ ಹೊರಟರೆ ಖರಹರಪ್ರಿಯದ ಸ್ವರಗಳು. ಐರಿಷ್ ಕುಣಿತದ ಧಾಟಿಗಳಾದ ರೀಲ್‌ಗಳಲ್ಲಿ ಎಷ್ಟೋ ಈ ಮೂರನೆಯ ದಾರಿಯವು. ಸ್ವರಗಳು ಅಷ್ಟೇ, ರಾಗವಲ್ಲ. ರೀಲಿನಲ್ಲಿ ರಾಗ ಹುಡುಕುವ ಚಟ ನಮ್ಮ ಕಡೆಯವರಿಗೆ ಬೇಗ ಹತ್ತುತ್ತದೆ, ಬೇಗ ಬಿಡಬೇಕು. ನಾವು ಸ್ವರವನ್ನು ತೂಗುತ್ತೇವೆ, ಅವರು ಸ್ವರವನ್ನು ಕತ್ತರಿಸುತ್ತಾರೆ. ಉದ್ದನೆಯ ಸ್ವರದ ನಡುವೆ ಮೇಲಿನ ಒಂದು ಬೆರಳು ಮಿಂಚಿ ಮುಚ್ಚುತ್ತದೆ, ಕೆಳಗಿನ ಒಂದು ಬೆರಳು ತಟ್ಟಿ ಏಳುತ್ತದೆ, ಸ್ವರ ಮೂರು ತುಂಡಾಗುತ್ತದೆ. ಇದಕ್ಕೆ ರೋಲ್ ಎನ್ನುತ್ತಾರೆ. ಆ ಮಿಂಚಿದ ಬೆರಳಿನಲ್ಲಿ ಸ್ವರಸ್ಥಾನ ಕೇಳಿಸಿಬಿಟ್ಟರೆ ರೋಲ್ ಕೆಟ್ಟಿತೆಂದೇ ಅರ್ಥ.

ನಿಜವಾದ ಪರೀಕ್ಷೆ ಉಸಿರಿನದು. ರೀಲ್, ಜಿಗ್‌ಗಳು ಕುಣಿತದ ಧಾಟಿಗಳು. ಉಸಿರೆಳೆಯಲು ಅವುಗಳಲ್ಲಿ ಜಾಗವೇ ಇರುವುದಿಲ್ಲ. ವಾದಕ ಒಂದು ಸ್ವರವನ್ನು ನುಂಗಿ ಆ ಸಂದಿನಲ್ಲಿ ಉಸಿರು ಎಳೆಯಬೇಕು. ಯಾವ ಸ್ವರವನ್ನು ನುಂಗುತ್ತಾನೆ, ಪ್ರತಿ ಸುತ್ತಿನಲ್ಲೂ ಅದನ್ನೇ ನುಂಗುತ್ತಾನೆಯೇ ಎಂಬುದರಲ್ಲಿ ವಾದಕನ ಬುದ್ಧಿ ತಿಳಿಯುತ್ತದೆ. ಮೇರಿ ಬರ್ಗಿನ್ ಅವರ 1979ರ ಆಲ್ಬಮ್ ‘ಫ್ಯಾಡೋಗ ಸ್ಟಾನ್’ ಹಾಕಿಕೊಂಡು ಸ್ವರಗಳನ್ನು ಬಿಟ್ಟು ಸಂದುಗಳನ್ನಷ್ಟೇ ಕೇಳಿ. ಅಷ್ಟು ವೇಗದಲ್ಲೂ ಉಸಿರು ತಾಳದ ಭಾಗವಾಗಿಬಿಟ್ಟಿದೆ. ಬಳಿಕ ಕ್ಲೇರ್ ಸೀಮೆಯ ಡೂಲಿನ್‌ನ ಮಿಕೋ ರಸಲ್ ಅವರನ್ನು ಕೇಳಿ. ಅವರದು ಅಲಂಕಾರ ಕಡಿಮೆಯ, ಆತುರವಿಲ್ಲದ ನುಡಿಸಾಣಿಕೆ. ಕಲಿಯುವವರು ಬರ್ಗಿನ್ ಕಡೆಗೆ ಓಡುತ್ತಾರೆ. ಮೊದಲು ರಸಲ್ ಹತ್ತಿರ ಕೂರುವುದು ಮೇಲು.

ಇದೇ ಬಗೆಯ ಅಗ್ಗದ ಕೊಳವೆ 1950ರ ದಶಕದ ಜೋಹಾನ್ಸ್‌ಬರ್ಗಿನ ಬೀದಿಗಳಲ್ಲಿ ಬೇರೆಯೇ ಭಾಷೆ ಆಡಿತು. ಕ್ವೇಲಾ ಎಂಬ ಆ ಸಂಗೀತದ ಹುಡುಗರು ವಿಸಿಲನ್ನು ಬಾಯಲ್ಲಿ ಓರೆಯಾಗಿ ತಿರುಗಿಸಿ ಹಿಡಿದರು. ತಯಾರಕ ಕಟ್ಟಿ ಕೊಟ್ಟಿದ್ದ ಬಾಯಿಗೆ ಮತ್ತೆ ತುಟಿಯ ಅಧಿಕಾರ ಬಂತು. ಸ್ವರ ಬಾಗಿತು, ದಪ್ಪವಾಯಿತು. ಸ್ಪೋಕ್ಸ್ ಮಾಶಿಯಾನೆ ಆ ಪಂಥದ ದೊಡ್ಡ ಹೆಸರು. 1958ರಲ್ಲಿ ‘ಟಾಮ್ ಹಾರ್ಕ್’ ಎಂಬ ಕ್ವೇಲಾ ಧ್ವನಿಮುದ್ರಿಕೆ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅಲಗಿನ ಕಟ್ಟಿನ ಬಗ್ಗೆ ಮೇಲೆ ನಾನು ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಅದು.

ಇನ್ನೊಂದು ಉತ್ತರದಲ್ಲಿ ನಮ್ಮ ಬಿದಿರಿನ ಪಾಲಿದೆ. ಐರಿಷ್ ವಾದಕ ಫಿನ್‌ಬಾರ್ ಫ್ಯೂರಿ ಅವರ ಬಳಿ ಭಾರತದ ಬಿದಿರಿನ ವಿಸಿಲ್ ಒಂದಿತ್ತು, ಅದರ ಮೇಲೆ ಅವರಿಗೆ ಪ್ರಾಣ. ಯಾರೋ ಅದರ ಮೇಲೆ ಕೂತು ಅದು ಪುಡಿಯಾಯಿತಂತೆ. ಅದಕ್ಕೆ ಬದಲಿ ಕಟ್ಟಿಕೊಡಲು ಹೊರಟ ಬರ್ನಾರ್ಡ್ ಓವರ್ಟನ್ 1971ರ ಹೊತ್ತಿಗೆ ಫ್ಯೂರಿ ಜೊತೆಗೂಡಿ ಲೋಹದಲ್ಲಿ ಮಾಡಿದ್ದೇ ಇಂದಿನ ಲೋ ವಿಸಿಲ್‌ನ ಮೊದಲ ರೂಪ. ಈಗ ಅಲ್ಯುಮಿನಿಯಂನ ಲೋ ಡಿ ಸಾಮಾನ್ಯ ವಿಸಿಲಿಗಿಂತ ಒಂದು ಸ್ಥಾಯಿ ಕೆಳಗೆ, ಉದ್ದವೂ ಎರಡು ಪಟ್ಟು. ಬೆರಳ ತುದಿ ತೂತಿಗೆ ಎಟುಕದ ಕಾರಣ ನಡುಗೆಣ್ಣಿನಿಂದ ಮುಚ್ಚಬೇಕು. ಜಾನಪದ ಬಾನ್ಸುರಿಯನ್ನು ಉದ್ದ ಮಾಡಿ ಕಛೇರಿಗೆ ತಂದ ಪನ್ನಾಲಾಲ್ ಘೋಷ್ ಈ ಸುದ್ದಿ ಕೇಳಿದ್ದರೆ ಖುಷಿಪಡುತ್ತಿದ್ದರೇನೋ. ಅವರು 1960ರಲ್ಲೇ ತೀರಿಕೊಂಡರು.

ಸಂಗ್ರಹಕ್ಕೆ ಎಲ್ಲವೂ ಸಲ್ಲುವುದಿಲ್ಲ. ತುಮಕೂರು, ಚಿತ್ರದುರ್ಗ ಕಡೆಯ ಕಾಡುಗೊಲ್ಲರು ಜುಂಜಪ್ಪನ ಕಥೆ ಹಾಡುವಾಗ ಊದುವ ಗಣೆ ಬಿದಿರಿನದೇ, ಕೇಳಿದರೆ ರೋಮ ನಿಲ್ಲುತ್ತದೆ. ಹಾಡಿನ ಜೊತೆಯಲ್ಲಿ ಬಾಳುವ ವಾದ್ಯವನ್ನು ಗೋಡೆಗೆ ತೂಗುಹಾಕುವುದು ನನಗೆ ಸರಿಬರುವುದಿಲ್ಲ, ನಾನು ಕೊಳ್ಳಲಿಲ್ಲ. ಸ್ಲೊವಾಕಿಯಾದ ಕುರುಬರ ಫುಯಾರಾ ಮೇಲೆ ಆಸೆಯೇನೋ ಇದೆ. ಆಳೆತ್ತರದ ಕೊಳವೆಗೆ ಮೂರೇ ತೂತು, ಉಳಿದದ್ದೆಲ್ಲ ಉಸಿರಿನ ಒತ್ತಡದಿಂದ ಎಬ್ಬಿಸುವ ಅನುಸ್ವರಗಳು. ಮನೆಯಲ್ಲಿ ಇಡುವುದೆಲ್ಲಿ ಎಂಬುದೇ ಪ್ರಶ್ನೆ.

ನಾರ್ವೆಯವರದು ಇನ್ನೂ ವಿಚಿತ್ರ. ವಸಂತದಲ್ಲಿ ರಸ ಏರಿ ತೊಗಟೆ ಸಡಿಲವಾದಾಗ ವಿಲೋ ಕೊಂಬೆಯಿಂದ ಅದನ್ನು ಇಡಿಯಾಗಿ ಜಾರಿಸಿ ಕೊಳಲು ಮಾಡುತ್ತಾರೆ. ಬೆರಳಿಗೆ ತೂತೇ ಇಲ್ಲ. ತುದಿಯನ್ನು ಬೆರಳಿನಿಂದ ಮುಚ್ಚಿದಾಗ ಒಂದು ಅನುಸ್ವರಮಾಲೆ, ತೆರೆದಾಗ ಇನ್ನೊಂದು, ಎರಡನ್ನೂ ಹೆಣೆದು ಧಾಟಿ ಕಟ್ಟುತ್ತಾರೆ. ತೊಗಟೆ ಒಣಗಿತೋ, ಕೊಳಲು ಮುಗಿಯಿತು. ಆದ್ದರಿಂದ ವೇದಿಕೆಯವರು ಈಗ ಪ್ಲಾಸ್ಟಿಕ್ ಕೊಳವೆಯಿಂದ ಮಾಡಿದ್ದನ್ನೂ ಬಳಸುತ್ತಾರೆ. ನನ್ನ ಖಾನೆಯಲ್ಲಿರುವುದೂ ಅಂಥದ್ದೇ. ನೋಡಲು ಥೇಟ್ ನಲ್ಲಿಯ ಪೈಪು, ನಾದಕ್ಕೇನೂ ಕೊರತೆಯಿಲ್ಲ.