ಬಾಗಿಲಿಗಿಂತ ಮೊದಲು ಕಿಟಕಿ

ವರ್ಷಗಟ್ಟಲೆ ಒಂದರ ಹೊಟ್ಟೆಯ ಮೇಲೆ ಇನ್ನೊಂದು ತಲೆಯಿಟ್ಟು ಮಲಗಿದ ಬೆಕ್ಕುಗಳು ಒಂದು ಸಂಜೆ ಇದ್ದಕ್ಕಿದ್ದಂತೆ ರಕ್ತ ಬರುವ ಹಾಗೆ ಕಚ್ಚಾಡಿದರೆ ಮನೆಮಂದಿ ಕಂಗಾಲಾಗುತ್ತಾರೆ. ಅಂಥ ಜೋಡಿಯನ್ನು ಮತ್ತೆ ಕೂಡಿಸಲು ಪಶುವೈದ್ಯರು ಹೇಳಿಕೊಡುವ ಕ್ರಮ ಈಗ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಬೇಕು, ಮಲಗುವ ಬಟ್ಟೆಗಳನ್ನು ಅದಲುಬದಲು ಮಾಡಬೇಕು, ಮುಚ್ಚಿದ ಬಾಗಿಲಿನ ಆಚೆಗೊಂದು ಈಚೆಗೊಂದು ತಟ್ಟೆಯಿಡಬೇಕು, ಆಮೇಲೆ ಜಾಲರಿಯ ಮರೆಯಿಂದ ಮುಖ ತೋರಿಸಬೇಕು. ಒಟ್ಟಿಗೆ ಬಿಡುವುದು ಕೊನೆಗೆ. ಪ್ಯಾಮ್ ಜಾನ್ಸನ್-ಬೆನೆಟ್ ಅವರ ‘ಕ್ಯಾಟ್ ವರ್ಸಸ್ ಕ್ಯಾಟ್’ (2004) ಬಂದು ಎರಡು ದಶಕ ಕಳೆದಿದೆ. ಅಮೆರಿಕದ ಬೆಕ್ಕುವೈದ್ಯರ ಸಂಘ ಬೆಕ್ಕು-ಬೆಕ್ಕುಗಳ ನಡುವಿನ ಬಿಗುವಿನ ಬಗ್ಗೆಯೇ 2024ರಲ್ಲಿ ಮಾರ್ಗಸೂಚಿ ಹೊರತಂದಿತು. ಈ ಕ್ರಮದ ಬುನಾದಿ ಗಟ್ಟಿಯಾಗಿದೆ ಎಂದೇ ನನ್ನ ನಂಬಿಕೆ. ಆದರೆ ನಮ್ಮ ಮನೆಗಳಲ್ಲಿ ಅದು ಶುರುವಾಗುವ ಜಾಗ ಸರಿಯಿಲ್ಲ.

ಬುನಾದಿ ಗಟ್ಟಿ ಎನ್ನಲು ಕಾರಣ, ಅದು ಮೂಗಿನಿಂದ ಹೊರಡುತ್ತದೆ. ಕೆನ್ನೆ ಉಜ್ಜಿ, ಮೈ ನೆಕ್ಕಿ ಬೆಕ್ಕುಗಳು ತಮ್ಮೊಳಗೆ ಒಂದು ಕೂಡುವಾಸನೆಯನ್ನು ಕಟ್ಟಿಕೊಂಡಿರುತ್ತವೆ. ಆಸ್ಪತ್ರೆಗೆ ಹೋಗಿ ಸ್ಪಿರಿಟ್ಟು, ಔಷಧಿಯ ವಾಸನೆ ಹೊತ್ತು ಬಂದ ಒಡಹುಟ್ಟಿದ ಬೆಕ್ಕನ್ನೇ ಇನ್ನೊಂದು ಬುಸುಗುಟ್ಟಿ ಅಟ್ಟುವುದು ಇದೇ ಕಾರಣಕ್ಕೆ. ‘ಹೊಡೆದಾಡಿಕೊಂಡು ಅವೇ ಸರಿಹೋಗ್ತವೆ ಬಿಡಿ’ ಎಂಬ ಹಿರಿಯರ ಮಾತನ್ನು ಈ ವಿಷಯದಲ್ಲಿ ಒಪ್ಪಲಾಗದು. ಜಗಳದ ನಂತರ ರಾಜಿಯಾಗುವ ರೂಢಿ ಬೆಕ್ಕುಗಳಲ್ಲಿ ತೀರ ಕಡಿಮೆ. ಪ್ರತಿ ಕಾದಾಟವೂ ಮುಂದಿನ ಕಾದಾಟಕ್ಕೆ ದಾರಿಯಾಗುತ್ತದೆ.

ಈಗ ಚೆನ್ನೈನ ವೆಸ್ಟ್ ಮಾಂಬಲಂಗೆ ಬನ್ನಿ. ಅಯೋಧ್ಯಾ ಮಂಟಪದ ಸುತ್ತ, ಆರ್ಯ ಗೌಡ ರೋಡಿನ ಆಚೀಚೆ, ಹಳೆಯ ಒಂಟಿಮನೆಗಳು ಹೋಗಿ ಫ್ಲ್ಯಾಟುಗಳು ಎದ್ದಿವೆ. ಒಂದು ಕಟ್ಟಡದ ಸಜ್ಜದಿಂದ ಪಕ್ಕದ ಕಾಂಪೌಂಡಿಗೆ ಬೀದಿಬೆಕ್ಕಿಗೆ ಒಂದೇ ನೆಗೆತ. ಬಾಲ್ಕನಿಯ ಗ್ರಿಲ್ಲಿನ ಒಳಗೆ ಕೂತ ಮನೆಬೆಕ್ಕು ಸಜ್ಜದ ಮೇಲೆ ನಡೆದುಬರುವ ಗಡವನನ್ನು ನೋಡುತ್ತದೆ. ಕಣ್ಣಪಾಪೆ ಅಗಲವಾಗುತ್ತದೆ, ಬಾಲ ನೆಲಕ್ಕೆ ಪಟಪಟ ಬಡಿಯುತ್ತದೆ, ಗಂಟಲಿನಿಂದ ಸಣ್ಣ ಗುರುಗುರು ಹೊರಡುತ್ತದೆ. ಹಗೆ ಗ್ರಿಲ್ಲಿನಾಚೆ ಇದೆ, ಕೈಗೆ ಸಿಗದು. ಆ ಗಳಿಗೆಯಲ್ಲಿ ಜೊತೆಗಾರ ಹಿಂದಿನಿಂದ ಬಂದು ಮೂಸಿದರೆ ಹೊಡೆತ ಅದಕ್ಕೆ ಬೀಳುತ್ತದೆ. ಆ ಕಾವು ಇಳಿಯಲು ಗಂಟೆಗಳು ಬೇಕು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಪೆಟ್ಟು ತಿಂದದ್ದಕ್ಕೋ ಕಾರಣವೇ ಗೊತ್ತಿಲ್ಲ. ಅದರ ಪಾಲಿಗೆ ನೆಚ್ಚಿದ ಸ್ನೇಹಿತ ಸುಮ್ಮನೆ ಮೇಲೆ ಬಿದ್ದ, ಅಷ್ಟೇ.

ಗಡವ ಮರುದಿನವೂ ಬರುತ್ತಾನೆ. ಇತ್ತ ಮನೆಯವರು ಬಾಗಿಲ ಬಳಿ ತಟ್ಟೆಗಳನ್ನು ಅಂಗುಲ ಅಂಗುಲವಾಗಿ ಸರಿಸುತ್ತ ವಾರ ಕಳೆದಿರುತ್ತಾರೆ, ಅತ್ತ ಬಾಲ್ಕನಿಯಲ್ಲಿ ಐದು ನಿಮಿಷದಲ್ಲಿ ಅದೆಲ್ಲ ನೀರುಪಾಲು. ಆದ್ದರಿಂದ ಗಾಜಿನ ಕೆಳಭಾಗಕ್ಕೆ, ಗ್ರಿಲ್ಲಿನ ತಳಕ್ಕೆ ರಟ್ಟೋ ಹಾಳೆಯೋ ಕಟ್ಟಿ ನೋಟ ಮರೆಮಾಡುವುದು ಮೊದಲ ಕೆಲಸವಾಗಬೇಕು. ಬೀದಿಬೆಕ್ಕಿಗೆ ಅನ್ನ ಹಾಕುವ ಮನೆಯಾದರೆ ಆ ತಟ್ಟೆ ಕಿಟಕಿಯಿಂದ ದೂರ ಹೋಗಲಿ, ಆ ಗಡವನಿಗೆ ಸಂತಾನಹರಣ ಮಾಡಿಸಲಿ. ಅವನು ಉಚ್ಚೆ ಸಿಂಪಡಿಸಿದ ಜಾಗಕ್ಕೆ ಫಿನಾಯಿಲ್ ಸುರಿಯುವುದು ನಮ್ಮ ಕಡೆ ಸಾಮಾನ್ಯ. ಅದು ಬೇಡವೇ ಬೇಡ. ಫೀನಾಲ್ ಇರುವ ದ್ರಾವಣಗಳು ಬೆಕ್ಕಿನ ಮೈಗೆ ವಿಷ, ಮೇಲಾಗಿ ನಾವು ಉಳಿಸಿಕೊಳ್ಳಬೇಕಾದ ಕೂಡುವಾಸನೆಯನ್ನೂ ಒರೆಸಿಹಾಕುತ್ತವೆ.

ಕ್ರಮದ ಎರಡನೆಯ ಕೊರತೆ ಅದರ ಮನೆಯ ಕಲ್ಪನೆಯಲ್ಲಿದೆ. ಹಾಲ್, ರೂಮು, ಅಡುಗೆಮನೆ ಇಷ್ಟೇ ಇರುವಲ್ಲಿ ‘ಬೇರೆ ಕೋಣೆ’ ಎಂದರೆ ಮನೆಯವರ ಮಲಗುವ ಜಾಗವೇ. ಆದರೆ ಚೆನ್ನೈ ಮನೆಗಳಲ್ಲಿ ಒಂದು ಅನುಕೂಲವಿದೆ, ಅದು ಸೊಳ್ಳೆಜಾಲರಿಯ ಚೌಕಟ್ಟು. ಬಾಗಿಲಿಗೆ ಅದನ್ನು ಭದ್ರವಾಗಿ ಕೂರಿಸಿ, ಮೇಲೊಂದು ಹಳೆ ಬೆಡ್‌ಶೀಟು ಇಳಿಬಿಟ್ಟು, ದಿನದಿನಕ್ಕೆ ಸ್ವಲ್ಪಸ್ವಲ್ಪ ಮೇಲೆತ್ತಿದರೆ ಅದಕ್ಕಿಂತ ಒಳ್ಳೆಯ ಮರೆ ಬೇಕಿಲ್ಲ. ನೋಡಬೇಕಾದದ್ದು ತಟ್ಟೆಯ ಹತ್ತಿರ: ಕಿವಿ ಮುಂದಕ್ಕಿದ್ದು, ತಲೆಯೆತ್ತದೆ ಉಂಡು ಮುಗಿಸಿದರೆ ಒಂದು ಹೆಜ್ಜೆ ಮುಂದೆ. ತಿನ್ನುವುದು ನಿಲ್ಲಿಸಿ ಕಣ್ಣು ಮಿಟುಕಿಸದೆ ದಿಟ್ಟಿಸಿದರೆ ಬೆಡ್‌ಶೀಟು ಮತ್ತೆ ಕೆಳಗೆ. ಮೂರನೇ ದಿನ ಇದು, ಏಳನೇ ದಿನ ಅದು ಎಂಬ ವೇಳಾಪಟ್ಟಿಗಳನ್ನು ನಾನು ನಂಬುವುದಿಲ್ಲ. ಕೆಲವು ಜೋಡಿಗೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳು. ಬೆಕ್ಕಿಗೊಂದು, ಮೇಲೊಂದು ಲಿಟರ್ ಬಾಕ್ಸ್ ಎಂಬ ಲೆಕ್ಕವನ್ನು ಮಾತ್ರ ಸಣ್ಣ ಮನೆಯೆಂದು ಬಿಡಬಾರದು. ಮೂರನ್ನೂ ಒಂದೇ ಬಾಲ್ಕನಿಯಲ್ಲಿ ಸಾಲಾಗಿಟ್ಟರೆ ಬೆಕ್ಕಿನ ಮಟ್ಟಿಗೆ ಅದು ಒಂದೇ ಜಾಗ.

ಕಿಟಕಿಯಾಚೆ ಯಾರೂ ಇಲ್ಲದೆ ಜಗಳ ಹುಟ್ಟಿದ್ದರೆ ನೋವನ್ನು ಅನುಮಾನಿಸಬೇಕು. ಹಲ್ಲುನೋವು, ಕೀಲುನೋವು, ವಯಸ್ಸಾದ ಬೆಕ್ಕಿನಲ್ಲಿ ಥೈರಾಯ್ಡ್ ಹೆಚ್ಚಾಗಿರುವುದು, ಇವೆಲ್ಲ ಸಿಡುಕಾಗಿ ಹೊರಬರುತ್ತವೆ. ವೈದ್ಯರಿಗೆ ತೋರಿಸಲು 1903ರಲ್ಲಿ ಶುರುವಾದ ವೇಪೇರಿಯ ಪಶುವೈದ್ಯ ಕಾಲೇಜು ನಗರದಲ್ಲೇ ಇದೆ. ಆಸ್ಪತ್ರೆಗೆ ಹೋಗಿಬಂದ ಬೆಕ್ಕನ್ನು ನೇರ ಒಳಗೆ ಬಿಡದೆ, ಮನೆಯ ಬಟ್ಟೆಯಿಂದ ಮೈಯೊರೆಸಿ ಒಂದು ರಾತ್ರಿ ಬೇರೆ ಇಡಬೇಕು. ಭಯ ಇಳಿಯದಿದ್ದರೆ ವೈದ್ಯರು ಗಾಬಾಪೆಂಟಿನ್, ಫ್ಲೂಆಕ್ಸೆಟಿನ್ ಬರೆದುಕೊಡುವುದುಂಟು. ದೀಪಾವಳಿಯ ಪಟಾಕಿ ದಿನಗಳಲ್ಲಂತೂ ಮುಖಾಮುಖಿ ಮಾಡಿಸಲೇಬಾರದು.

ಇಷ್ಟಾದರೂ ಕೂಡದ ಜೋಡಿಗಳಿರುತ್ತವೆ. ಆಗ ಎರಡರಲ್ಲಿ ಒಂದಕ್ಕೆ ಬೇರೆ ಮನೆ ಹುಡುಕಬೇಕಾಗುತ್ತದೆ, ಮತ್ತು ಹೆಚ್ಚಿನವರು ಮೇಲೆಬಿದ್ದ ಬೆಕ್ಕನ್ನೇ ಕಳಿಸುತ್ತಾರೆ. ಇದು ಅನ್ಯಾಯ. ಅದು ಬೈದದ್ದು ಸಜ್ಜದ ಮೇಲಿನ ಗಡವನನ್ನು. ಹೊಸ ಜನರ ಮಡಿಲಿಗೆ ಬೇಗ ಒಗ್ಗುವ, ಹೊಸ ಜಾಗದಲ್ಲಿ ಅನ್ನ ಬಿಡದ ಬೆಕ್ಕು ಯಾವುದೋ ಅದು ಹೋಗಲಿ. ಬಾಲ್ಕನಿಯಿಲ್ಲದ ಮನೆ ಸಿಕ್ಕರೆ ಆ ಮೇಲೆಬಿದ್ದದ್ದೇ ಅಲ್ಲಿ ನೆಮ್ಮದಿಯಾಗಿ ಇದ್ದೀತು.